ಅಂಬ್ರೋಸ್ ಕಾಫಿ ಇಟ್ಟ ಜಾಗ

ಮಾರ್ಗಳಿ ತಿಂಗಳ ಚಳಿ, ಬೆಳಗಿನ ಏಳು ಗಂಟೆ. ಮದರಾಸಿನ ಕೋಡಂಬಾಕ್ಕಂನ ರೆಕಾರ್ಡಿಂಗ್ ಥಿಯೇಟರಿನ ಬಾಗಿಲಲ್ಲಿ ನಲವತ್ತು ಜೊತೆ ಚಪ್ಪಲಿ ಬಿದ್ದಿದ್ದವು. ಪಕ್ಕದ ಕೋಣೆಯಲ್ಲಿ ಜ್ಞಾನಪ್ರಕಾಶಂ ಬಗ್ಗಿ ಕೂತು ಬರೆಯುತ್ತಿದ್ದ. ವೇದಗಿರಿ ಮಾಸ್ಟರ್ ಸಿನಿಮಾಗಳಿಗೆ ಕಟ್ಟಿದ ಸಂಗೀತವನ್ನು ಒಂದೊಂದು ವಾದ್ಯಕ್ಕೂ ಒಂದೊಂದು ಹಾಳೆಯಂತೆ ನಕಲು ಮಾಡುವುದು ಇಪ್ಪತ್ತೆರಡು ವರ್ಷದಿಂದ ಅವನ ಕೆಲಸ. ಹಿಂದಿನ ವಾರ ಕೊಳಲಿನ ಹಾಳೆ ಪಿಟೀಲಿನವನಿಗೆ ಹೋಗಿ ರಂಪವಾಗಿತ್ತು. "ಇನ್ನೊಂದು ತಪ್ಪಾದ್ರೆ ಚಪ್ಪಲಿ ಮೆಟ್ಕೊಂಡು ನಡಿ" ಎಂದಿದ್ದರು ಮಾಸ್ಟರ್.

ಆ ದಿನ ಎರಡು ತುಣುಕು. ಒಂದು, ಎಮ್ಮೆ ಕದ್ದವನನ್ನು ಊರೇ ಅಟ್ಟಿಸಿಕೊಂಡು ಹೋಗುವುದು: ವೇಗ ನಿಮಿಷಕ್ಕೆ ನೂರೈವತ್ತೆರಡು ಪೆಟ್ಟು, ಶ್ರುತಿ ಇ ಮೇಜರ್, ಭಾವ ಗಲಾಟೆ. ಇನ್ನೊಂದು, ತಾಯಿ ತೀರಿಕೊಳ್ಳುವುದು: ವೇಗ ನಿಮಿಷಕ್ಕೆ ಐವತ್ತಾರು, ಶ್ರುತಿ ಇ ಮೈನರ್, ಭಾವ ಶೋಕ. ಜ್ಞಾನಪ್ರಕಾಶಂ ಮೊದಲು ಎಲ್ಲ ಹಾಳೆಗೂ ಈ ತಲೆಬರಹ ಬರೆದು ಮುಗಿಸಿ, ಗಲಾಟೆಯ ಕಟ್ಟು ಎಡಕ್ಕೆ, ಶೋಕದ ಕಟ್ಟು ಬಲಕ್ಕೆ ಇಟ್ಟುಕೊಳ್ಳುವವನು. ಆಮೇಲೆ ಸ್ವರ ತುಂಬುವಾಗ ಕಣ್ಣು ಮೇಲಕ್ಕೆ ಹೋಗುತ್ತಿರಲಿಲ್ಲ.

ವಾದ್ಯಗಾರರ ಮುಂದೆ ನಿಂತು ಕೈ ಬೀಸುವ ಅಂಬ್ರೋಸ್ ಕಾಫಿ ಹಿಡಿದು ಬಂದ. "ಲೋ ಜ್ಞಾನಂ, ಲೋಟ ಇಡೋಕೂ ಜಾಗ ಬಿಡಲ್ವಲ್ಲೋ, ಮೇಜೇನು ನಿನ್ನ ಮಾವನ ಮನೇದಾ?" ಎಂದು ಎರಡೂ ಕಟ್ಟು ಎತ್ತಿ, ಲೋಟ ಇಟ್ಟು, ಕಟ್ಟುಗಳನ್ನು ಮತ್ತೆ ಇಟ್ಟ. ಅದಲುಬದಲಾಗಿ.

ಎಡದ ಕಟ್ಟಿಗೆ ಓಟದ ಸ್ವರ, ಬಲದ ಕಟ್ಟಿಗೆ ಸಾವಿನ ಸ್ವರ ತುಂಬಿ, ಹಾಳೆ ಹಂಚಿಯಾಯಿತು. ಮಿಕ್ಕ ಒಂದು ಹಾಳೆಯನ್ನು ಜ್ಞಾನಪ್ರಕಾಶಂ ಎತ್ತಿ ನೋಡಿದ. ಶೋಕ ಎಂದು ಮೇಲಿದೆ, ಕೆಳಗೆ ಎಮ್ಮೆ ಕಳ್ಳ ಓಡುತ್ತಿದ್ದಾನೆ! ಥಿಯೇಟರಿನ ಬಾಗಿಲಿಗೆ ಓಡಿದ. ರೆಕಾರ್ಡಿಂಗಿನ ಕೆಂಪು ದೀಪ ಹತ್ತಿಬಿಟ್ಟಿತ್ತು. ದೀಪ ಹತ್ತಿದ ಮೇಲೆ ದೇವರೇ ಬಂದರೂ ಬಾಗಿಲು ತೆರೆಯುವಂತಿಲ್ಲ.

ಒಳಗೆ ತೆರೆಯ ಮೇಲೆ ತಾಯಿ ಕಣ್ಣು ಮುಚ್ಚಿದಳು. ಪಿಟೀಲಿನವರು ತೆರೆಗೆ ಬೆನ್ನು ಹಾಕಿ ಕೂತವರು, ಹಾಳೆಯಲ್ಲಿ ಇದ್ದದ್ದನ್ನು ನುಡಿಸಿದರು. ಕುಣಿಯಬೇಕಿದ್ದ ಸ್ವರಗಳು ಒಂದೊಂದಾಗಿ, ಕತ್ತಲಲ್ಲಿ ಮೆಟ್ಟಿಲು ತಡವುವ ಮುದುಕಿಯಂತೆ ಇಳಿದು ಬಂದವು. ಮಗುವಾಗಿದ್ದಾಗ ನಕ್ಕದ್ದೆಲ್ಲ ಸಾಯುವ ಹೊತ್ತಿಗೆ ನೆನಪಾದಂತೆ ಇತ್ತು ಅದು. ಗಾಜಿನ ಕೋಣೆಯಲ್ಲಿ ಮಾಸ್ಟರ್ ಕೂಗಲು ಬಾಯಿ ತೆರೆದರು. ಬಾಯಿ ತೆರೆದೇ ಉಳಿಯಿತು. ರೀಲು ಮುಗಿದು ತೆರೆ ಬೆಳ್ಳಗಾಯಿತು. ಸಂಗೀತ ಇನ್ನೂ ಮುಗಿದಿರಲಿಲ್ಲ. ಬರೀ ಬಿಳಿ ತೆರೆಗೆ ನಲವತ್ತು ಜನ ನುಡಿಸುತ್ತಲೇ ಹೋದರು. ನಿಲ್ಲಿಸಿ ಎನ್ನಲು ಯಾರಿಗೂ ಮನಸ್ಸು ಬರಲಿಲ್ಲ. ಅಂಥದ್ದನ್ನು ಆ ಥಿಯೇಟರ್ ಹಿಂದೆ ಕೇಳಿರಲಿಲ್ಲ, ಮುಂದೆಯೂ ಕೇಳಲಿಲ್ಲ.

ಚಿತ್ರದ ನಿರ್ದೇಶಕ ಮುತ್ತುಸೆಲ್ವನ್ ಕಣ್ಣೊರೆಸಿಕೊಂಡು, "ಮಾಸ್ಟರ್, ಕಾಲು ಕೊಡಿ" ಎಂದು ಬಗ್ಗಿದ.

"ನನ್ನದಲ್ಲಪ್ಪ ಕಾಲು, ಅವನದು" ಎಂದು ಮಾಸ್ಟರ್ ಬಾಗಿಲತ್ತ ಕೈ ತೋರಿಸಿದರು. ಅಲ್ಲಿ ಜ್ಞಾನಪ್ರಕಾಶಂ ಆಗಲೇ ಒಂದು ಚಪ್ಪಲಿ ಮೆಟ್ಟಿದ್ದ.

ಅವನನ್ನು ಎಳೆದು ತಂದು ಕೂರಿಸಿದರು. ಅವನ ಎಲೆಗೆ ಎರಡು ಇಡ್ಲಿ ಹೆಚ್ಚಿಗೆ ಬಿದ್ದವು. "ಕಾಫಿ ಇಟ್ಟವನು ನಾನು ಕಣ್ರೋ!" ಎಂದು ಅಂಬ್ರೋಸ್ ಊರೆಲ್ಲ ಸಾರಿದ.

ಎಮ್ಮೆಯ ಸ್ವರ ತಾಯಿಗೆ ಹೋಯಿತಲ್ಲ, ಮಾಸ್ಟರ್ ಹೊಸದೊಂದು ಓಟ ಬರೆದರು. ಜ್ಞಾನಪ್ರಕಾಶಂ ನಲವತ್ತು ಹಾಳೆಯನ್ನೂ ಮೂರು ಸಲ ನೋಡಿ, ಕಾಫಿ ಲೋಟ ಹತ್ತಿರ ಬರದಂತೆ ಕಾದು ಕೊಟ್ಟ. ನುಡಿಸಿದರು. ಕಳ್ಳ ಓಡಿದ, ಊರು ಓಡಿತು, ಎಲ್ಲ ಸರಿಯಾಗಿತ್ತು.

"ಏನೋ ಬರ್ಲಿಲ್ಲ ಮಾಸ್ಟರ್," ಎಂದ ಮುತ್ತುಸೆಲ್ವನ್, ಜ್ಞಾನಪ್ರಕಾಶಂನತ್ತ ತಿರುಗಿ. "ಇದನ್ನೂ ಅವರೇ ಬರೆದ್ರಾ?"

"ಹೂಂ ಸಾರ್, ಒಂದು ಚುಕ್ಕಿನೂ ತಪ್ಪಿಲ್ಲ," ಎಂದು ಜ್ಞಾನಪ್ರಕಾಶಂ ಎದೆಯುಬ್ಬಿಸಿದ.

"ಅದಕ್ಕೇ! ಬೆಳಗ್ಗೆ ಮಾಡಿದ್ರಲ್ಲ, ಹಾಗೆ ಏನಾದ್ರೂ ಮಾಡಿ. ಇನ್ಮೇಲೆ ಎಲ್ಲಾ ರೀಲಿಗೂ ಇವರೇ ತಲೆಬರಹ ಹಾಕ್ಲಿ ಮಾಸ್ಟರ್."

ವೇದಗಿರಿ ಮಾಸ್ಟರ್ ಹಾಳೆಗಳನ್ನು ಒಟ್ಟುಮಾಡಿ ಮೇಜಿನ ಮೇಲಿಟ್ಟರು. ಆಮೇಲೆ ಜ್ಞಾನಪ್ರಕಾಶಂನ ಹೆಗಲ ಮೇಲೆ ಕೈಯಿಟ್ಟು ಬಾಗಿಲವರೆಗೆ ನಡೆಸಿಕೊಂಡು ಬಂದರು.

"ಜ್ಞಾನಂ, ತಪ್ಪು ತಪ್ಪಾಗೇ ಉಳಿದಿದ್ರೆ ಬೈದು ಇಟ್ಕೋತಿದ್ದೆ. ಈಗ ನೀನಿದ್ರೆ ನಾನು ಬರೆದದ್ದು ಸರಿ ಅಂತ ಯಾರೂ ಒಪ್ಪಲ್ಲಪ್ಪ."

ತಾವೇ ಬಗ್ಗಿ ಅವನ ಚಪ್ಪಲಿ ಹುಡುಕಿ ಕೊಟ್ಟರು. ಆ ಮಧ್ಯಾಹ್ನ ಜ್ಞಾನಪ್ರಕಾಶಂ ಹೊರಟುಹೋದ, ನಿಮಿಷಕ್ಕೆ ಐವತ್ತಾರು ಹೆಜ್ಜೆಯಂತೆ.