ಎರಡೂ ತುದಿ ಚೂಪು

ನಾನು ಹೋದಲ್ಲೆಲ್ಲ ಒಂದು ಜಗಳ ಆಗುತ್ತದೆ, ನನ್ನ ಅಕ್ಕನ ಮಗಳು ಹೋದಲ್ಲೆಲ್ಲ ಒಂದು ತಮಾಷೆ ಆಗುತ್ತದೆ. ಇಬ್ಬರೂ ಒಟ್ಟಿಗೆ ಹೊರಟರೆ ಏನಾಗುತ್ತದೆ ಎನ್ನುವುದನ್ನು ನಮ್ಮೂರು ಕೈಲಾಂಚದ ಜನ ಎರಡು ತಿಂಗಳು ನೋಡಿದರು.

ವಿಷಯ ಇಷ್ಟು. ಹುಡುಗಿ ಸಮುದ್ರದ ಸ್ಪಂಜುಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದಳು. ತಾನೇ ನೀರಿಗಿಳಿದು ಬಂಡೆಯಿಂದ ಬಿಡಿಸಿ ತಂದ ಒಂದು ಸ್ಪಂಜು ಯಾವ ಪುಸ್ತಕದಲ್ಲೂ ಇಲ್ಲ, ಹೊಸ ಪ್ರಭೇದ ಎಂದು ಬರೆದಳು. ಒಬ್ಬ ಪರೀಕ್ಷಕರು ಒಪ್ಪಲಿಲ್ಲ. ಸ್ಪಂಜಿನ ಮೈಯೊಳಗೆ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಗಾಜಿನ ಸೂಜಿಗಳಿರುತ್ತವೆ. ಅವುಗಳ ಆಕಾರ ನೋಡಿ ಜಾತಿ ಹೇಳುವುದು. ಇವಳ ಸ್ಪಂಜಿನ ಸೂಜಿಗೆ ಎರಡೂ ತುದಿ ಚೂಪು. ನೋಡಲು ಅದರಂತೆಯೇ ಇರುವ ಹಳೆಯ ಪ್ರಭೇದವೊಂದರ ಸೂಜಿಗೆ ಎರಡೂ ತುದಿ ಮೊಂಡು. 'ನಿಮ್ಮವು ಎಳೆಯ ಸೂಜಿಗಳು, ಬಲಿತ ಮೇಲೆ ಮೊಂಡಾಗುತ್ತವೆ, ಇದು ಹಳೆಯದೇ' ಎಂದು ಪರೀಕ್ಷಕರ ವಾದ. ಎರಡು ತಿಂಗಳ ನಂತರ ಎದುರಿಗೆ ನಿಂತು ಉತ್ತರ ಕೊಡಬೇಕು. ಕೊಡದಿದ್ದರೆ ಮೂರು ವರ್ಷದ ಕೆಲಸ ಕಸದ ಬುಟ್ಟಿಗೆ. ಸೂಜಿಗಳನ್ನು ಮತ್ತೆ ಅಳೆದು ನೋಡಲು ಅವಳು ಊರಿಗೆ ಬಂದಳು.

ಕೋಳಿಗಿರುವ ಟಿಕೆಟ್

ರಾಮನಗರದಲ್ಲಿ ಕೈಲಾಂಚದ ಬಸ್ಸು ಹತ್ತಿದೆವು. ಅವಳ ತೊಡೆಯ ಮೇಲೆ ಗಾಜಿನ ಜಾಡಿ, ಜಾಡಿಯ ತುಂಬ ಸ್ಪಿರಿಟ್ಟು, ಅದರೊಳಗೆ ಸುಟ್ಟ ಬದನೆಕಾಯಿಯಂಥ ಒಂದು ತುಂಡು.

"ಏನಮ್ಮ ಅದು?" ಎಂದರು ಕಂಡಕ್ಟರು.

"ಸ್ಪಂಜು ಅಣ್ಣ."

"ಪಾತ್ರೆ ಉಜ್ಜೋದಾ?"

"ಅಲ್ಲ, ಪ್ರಾಣಿ."

ಹಾಗೆ ಹೇಳಬಾರದಿತ್ತು. "ಪ್ರಾಣಿ ಅಂದ್ಮೇಲೆ ಟಿಕೆಟ್ ಆಗ್ಬೇಕು. ಕೋಳಿಗೇ ಬುಡಲ್ಲ ನಾನು" ಎಂದರು.

ನನ್ನ ಪಿತ್ತ ನೆತ್ತಿಗೇರಿತು. "ಅದು ಸತ್ತೋಗಿ ಮೂರು ವರ್ಷ ಆಗೈತೆ ಕಣಯ್ಯ. ಸತ್ತೋರಿಗೆ ಟಿಕೆಟ್ ಅಂತ ಯಾವ ಕಾನೂನಲ್ಲೈತೆ, ತೋರ್ಸು" ಎಂದು ಎದ್ದು ನಿಂತೆ. ಇಡೀ ಬಸ್ಸು ನಮ್ಮ ಕಡೆ ತಿರುಗಿತು. ಕಂಡಕ್ಟರು ನನ್ನನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಟಿಕೆಟ್ ಮಿಷನ್ನನ್ನು ಒತ್ತಿ ಒತ್ತಿ ನೋಡಿದರು. ಕೋಳಿ ಇತ್ತು, ನಾಯಿ ಇತ್ತು, ಮೊಲ ಇತ್ತು. ಕೊನೆಗೆ ತಲೆ ಆಡಿಸಿ, "ನಿಮ್ ಪ್ರಾಣಿ ಇದ್ರಲ್ಲಿ ಇಲ್ವೇ ಇಲ್ಲ ಕಣಮ್ಮ" ಎಂದು ಮುಂದೆ ಹೋದರು.

ಹುಡುಗಿ ನನ್ನ ಅಂಗಿ ಜಗ್ಗಿ ಕೂರಿಸಿದಳು. "ಜಗಳ ಬುಡು ಮಾವ. ಇದು ಪಟ್ಟೀಲಿ ಇಲ್ಲ ಅಂತ ಒಪ್ಕೊಂಡ ಮೊದಲ್ನೇ ಅಧಿಕಾರಿ ಇವ್ರೇ."

ಎಷ್ಟನೇ ಜ್ವರ

ನನ್ನ ಅಕ್ಕ ರೇಷ್ಮೆ ಹುಳು ಸಾಕುವವಳು. ಹುಳು ಗೂಡು ಕಟ್ಟುವ ಮುಂಚೆ ನಾಲ್ಕು ಸಲ ಪೊರೆ ಕಳಚುತ್ತದೆ, ನಮ್ಮಲ್ಲಿ ಅದಕ್ಕೆ ಜ್ವರ ಎನ್ನುತ್ತಾರೆ. ಸೊಪ್ಪು ತಿನ್ನುವ ಸದ್ದನ್ನು ಬಾಗಿಲಾಚೆ ನಿಂತು ಕೇಳಿಯೇ ಹುಳು ಎಷ್ಟನೇ ಜ್ವರ ಕಳೆದಿದೆ ಎಂದು ಅಕ್ಕ ಹೇಳಬಲ್ಲಳು. ಓದಿದ್ದು ಮೂರನೇ ಕ್ಲಾಸು. ಮಗಳಿಗೆ ಸಣ್ಣದನ್ನು ನೋಡುವ ಕಣ್ಣು ಬಂದದ್ದು ಅವಳಿಂದ. ಯಾವ ವಿಶ್ವವಿದ್ಯಾಲಯವೂ ಆ ಹೆಸರನ್ನು ತಾನು ಹೊಡೆದುಕೊಳ್ಳಬೇಕಾಗಿಲ್ಲ.

ಜಾಡಿ ನೋಡಿದ ಅಕ್ಕ ಕೇಳಿದ ಮೊದಲ ಪ್ರಶ್ನೆ: "ಎಷ್ಟ್ನೇ ಜ್ವರದಾಗೈತೆ?"

"ಇದಕ್ಕೆ ಜ್ವರ ಬರಲ್ಲ ಕಣವ್ವ."

"ಏನ್ ತಿಂತದೆ?"

"ಬಾಯೇ ಇಲ್ಲ. ಮೈತುಂಬ ತೂತು. ಕೆಟ್ಟ ನೀರು ಒಳಕ್ಕೆ ಹೋಯ್ತದೆ, ಬೇಕಾದ್ದು ಸೋಸ್ಕೊಂಡು ಒಳ್ಳೆ ನೀರು ಆಚೆ ಬುಡ್ತದೆ. ಒಂದ್ಸಲ ಬಂಡೆ ಹಿಡ್ಕೊಂಡು ಕೂತ್ರೆ ಸಾಯೋಗಂಟ ಏಳಲ್ಲ."

ಅಕ್ಕ ಜಾಡಿಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಸುಮಾರು ಹೊತ್ತು ನೋಡಿದಳು. ಆಮೇಲೆ ನನ್ನ ಕಡೆ ನೋಡಿದಳು. "ನಿಮ್ಮಾವನೂ ತಾಲ್ಲೂಕಾಪೀಸಿನ ಮುಂದೆ ಧರಣಿ ಕೂತ್ರೆ ಏಳಲ್ಲ. ಬಾಯಿ ಇಲ್ದಂಗೆ ಕೂರೋದು ಒಸಿ ಕಲ್ಸವ್ವ ಅವನಿಗೆ" ಎಂದಳು.

ಮನವಿ ಪತ್ರ

ಸ್ಪಿರಿಟ್ಟಿನ ವಾಸನೆ ಹುಳಕ್ಕೆ ಆಗದು ಎಂದು ಅಕ್ಕ ಜಾಡಿಯನ್ನೂ ಮಗಳನ್ನೂ ಕಾಲೇಜಿನಿಂದ ಎರವಲು ತಂದ ಮೈಕ್ರೋಸ್ಕೋಪನ್ನೂ ಪಕ್ಕದ ನನ್ನ ಮನೆಗೆ ಅಟ್ಟಿದಳು. ನನ್ನ ಅರ್ಜಿಗಳ ಕಟ್ಟು ಸರಿಸಿ ಅವಳಿಗೆ ಮೇಜು ಬಿಡಿಸಿಕೊಟ್ಟೆ.

ಪರೀಕ್ಷಕರು ಬರೆದದ್ದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಕೆಳಗೆ ಹೆಸರಿಲ್ಲ, ರುಜುವಿಲ್ಲ. ಹೆಸರು ಮುಚ್ಚಿಟ್ಟು ತಕರಾರು ಮಾಡುವವರನ್ನು ನಾನು ಸುಮ್ಮನೆ ಬಿಟ್ಟವನಲ್ಲ. ಧಿಕ್ಕಾರದಿಂದ ಶುರು ಮಾಡಿ ಎರಡು ಪುಟ ಬರೆದು ಅವಳ ಮುಂದಿಟ್ಟೆ.

ಅವಳು ಪೂರ್ತಿ ಓದಿದಳು. "ಅವ್ರು ಕೇಳಿರೋದು ನ್ಯಾಯವಾಗೇ ಐತೆ ಮಾವ. ದೊಡ್ಡ ಸೂಜಿ ನಾನು ಸಾಕಷ್ಟು ನೋಡಿಲ್ಲ. ನೋಡ್ತೀನಿ. ಮೊಂಡಾಗಿದ್ರೆ ನಂದೇ ತಪ್ಪು ಅಂತ ನಾನೇ ಬರೀತೀನಿ."

ನಾನು ಬರೆದದ್ದನ್ನು ಹರಿದು ಹಾಕಿದೆ. ತನ್ನ ತಪ್ಪನ್ನು ತಾನೇ ಹುಡುಕಿಕೊಂಡು ಹೊರಟ ಮನುಷ್ಯರನ್ನು ನಾನು ಯಾವ ಕಚೇರಿಯಲ್ಲೂ ಕಂಡಿಲ್ಲ. ನಮ್ಮ ಹೋರಾಟದ ಸಂಘದಲ್ಲೂ ಕಂಡಿಲ್ಲ. ಕನ್ನಡಿಯಲ್ಲಂತೂ ಇಲ್ಲವೇ ಇಲ್ಲ.

ಸ್ಪಂಜಿನ ಚೂರನ್ನು ಬ್ಲೀಚಿಂಗ್ ನೀರಿನಲ್ಲಿ ಹಾಕಿದರೆ ಮಾಂಸವೆಲ್ಲ ಕರಗಿ ಸೂಜಿಗಳು ತಳಕ್ಕಿಳಿಯುತ್ತವೆ. ಅವುಗಳನ್ನು ತೊಳೆದು ಗಾಜಿನ ಮೇಲಿಟ್ಟು ಅವಳು ಒಂದೊಂದಾಗಿ ಅಳೆಯುತ್ತಿದ್ದಳು, ನಾನು ಬರೆದುಕೊಳ್ಳುತ್ತಿದ್ದೆ. ವಾರಗಟ್ಟಲೆ ಇದೇ. ಕುತ್ತಿಗೆ ಹಿಡಿದುಕೊಂಡರೆ ಎದ್ದು ಸೊಪ್ಪು ಕುಯ್ದು ಬರುವಳು, ಮತ್ತೆ ಕೂರುವಳು. ಅತಿ ಸಣ್ಣದರಿಂದ ಅತಿ ದೊಡ್ಡದರವರೆಗೆ ಒಂದೇ ಮಾತು: ಎರಡೂ ತುದಿ ಚೂಪು.

ಕೊನೆಗೊಂದು ದಿನ ಹಾಳೆಗಳನ್ನು ತಿರುವುತ್ತಿದ್ದವಳು ಬಿದ್ದು ಬಿದ್ದು ನಗತೊಡಗಿದಳು. ನನ್ನ ಕೈ ಹಳೆಯ ಅಭ್ಯಾಸ ಬಿಟ್ಟಿರಲಿಲ್ಲ. ಪ್ರತಿ ಪುಟದ ಕೆಳಗೂ 'ಕೂಡಲೇ ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ' ಎಂದು ಬರೆದು ರುಜು ಹಾಕಿದ್ದೆ.

ಚಾಚಾ ಮಾಡಿದ ಉಪಕಾರ

ಹಾಲ್‌ನಲ್ಲಿ ಉತ್ತರ ಕೇಳಲು ಕೂತವರಿಗೆಲ್ಲ ಮೈಕ್ರೋಸ್ಕೋಪ್ ತೋರಿಸಲು ಆಗುವುದಿಲ್ಲ, ಕೈಯಲ್ಲಿ ಹಿಡಿದು ನೋಡುವಂಥ ಮರದ ಸೂಜಿ ಬೇಕು ಎಂದಳು. ಚನ್ನಪಟ್ಟಣದಲ್ಲಿ ನಲವತ್ತು ವರ್ಷದಿಂದ ಬೊಂಬೆ ಮಾಡುವ ಚಾಚಾ ನನಗೆ ಗೊತ್ತು. ಸಣ್ಣದರಿಂದ ದೊಡ್ಡದಕ್ಕೆ ಹತ್ತು ಸೂಜಿಗಳ ಚಿತ್ರ, ಅಳತೆ, ಎಲ್ಲ ಕೊಟ್ಟು ಬಂದೆವು.

ವಾರ ಬಿಟ್ಟು ಹೋದಾಗ ಹತ್ತನೆಯದು ಇನ್ನೂ ಲೇತಿನ ಮೇಲೆ ತಿರುಗುತ್ತಿತ್ತು. ಚಾಚಾ ಅರಗಿನ ಕಡ್ಡಿ ಒತ್ತಿದರು. ಬಿಸಿಗೆ ಅರಗು ಕರಗಿ ಮರದ ಮೇಲೆ ಹಳದಿ ಬಣ್ಣ ಹರಡಿಕೊಂಡಿತು. ತಾಳೆಗರಿ ಹಿಡಿದರು, ಮಿಂಚಿತು. ಆ ಕೈ ನೋಡುತ್ತ ನಾನು ಬಂದ ಕೆಲಸವನ್ನೇ ಮರೆತಿದ್ದೆ. ಹುಡುಗಿ ಒಂದು ಸೂಜಿ ಎತ್ತಿಕೊಂಡಳು, ಮುಖ ಸಪ್ಪಗಾಯಿತು. ಹತ್ತಕ್ಕೆ ಹತ್ತೂ ಸೂಜಿಗಳ ತುದಿ ಗೋಲಿಯಂತೆ ಗುಂಡಗಿತ್ತು.

"ಚಾಚಾ, ಚಿತ್ರದಲ್ಲಿ ಚೂಪು ಬರ್ದಿದ್ನಲ್ಲ?"

"ನೋಡ್ದೆ ಬೇಟಿ. ನೀನು ತಪ್ಪು ಬರ್ದಿದ್ದೆ, ನಾನೇ ಸರಿ ಮಾಡ್ದೆ."

"ತಪ್ಪಲ್ಲ ಚಾಚಾ, ಅದು ಇರೋದೇ ಹಂಗೆ."

"ಮಕ್ಕಳ ಕಣ್ಣಿಗೆ ಹೋದ್ರೆ ಯಾರು ಹೊಣೆ? ನಲವತ್ತು ವರ್ಷದಲ್ಲಿ ನನ್ನ ಸಾಮಾನು ಒಂದು ಮಗೂಗೂ ಚುಚ್ಚಿಲ್ಲ."

"ತುದಿ ಗುಂಡಗಾದ್ರೆ ಇದು ಹಳೇ ಪ್ರಾಣಿ ಆಗೋಯ್ತದೆ ಚಾಚಾ. ಆ ಪರೀಕ್ಷಕರು ಹೇಳೋದೂ ಇದನ್ನೇ." ಉತ್ತರ ಕೊಡುವ ದಿನಕ್ಕೆ ಇನ್ನು ನಾಲ್ಕೇ ದಿನ ಉಳಿದಿತ್ತು.

ನಾನು ಬಾಯಿ ತೆಗೆದೆ. ಚಾಚಾ ಕೈ ಎತ್ತಿ ತಡೆದರು. "ಕೂತ್ಕೊಳ್ಳಿ ಯಜಮಾನ್ರೆ, ಇದು ತಾಲ್ಲೂಕಾಫೀಸಲ್ಲ." ಅವಳನ್ನು ಕೇಳಿದರು: "ಈ ಪ್ರಾಣಿ ಎಲ್ಲಿರ್ತದೆ?"

"ಸಮುದ್ರದ ತಳದಲ್ಲಿ."

"ಮಕ್ಕಳು ಅಲ್ಲಿ ಆಡೋಕೆ ಹೋಗ್ತಾರಾ?"

"ಇಲ್ಲ ಚಾಚಾ."

ಅವರು ಯೋಚನೆ ಮಾಡಿ ಹೊಸ ಮರದ ತುಂಡು ತೆಗೆದುಕೊಂಡರು. "ಸರಿ, ಚೂಪು ಮಾಡ್ತೀನಿ. ಆದ್ರೆ ನಾನೇ ಹಿಡ್ಕೊಂಡು ಬರ್ತೀನಿ. ದಾರೀಲಿ ಯಾವ ಮಗೂ ಕೈಗೂ ಸಿಗಬಾರದು."

"ಈ ಹತ್ತನ್ನ ಏನು ಮಾಡೋದು?" ಎಂದೆ.

"ಆ ಪರೀಕ್ಷಕರಿಗೆ ಕೊಡಿ" ಎಂದರು ಚಾಚಾ, "ಆಡ್ಕೊಳ್ಳಿ."

ಒಪ್ಪಿಗೆ

ಬಾಯಿ ತೆಗೆಯುವುದಿಲ್ಲ ಎಂದು ನನ್ನಿಂದ ಮಾತು ತೆಗೆದುಕೊಂಡೇ ಹುಡುಗಿ ನನ್ನನ್ನು ಹಾಲ್ ಒಳಗೆ ಬಿಟ್ಟಳು. ಹಿಂದಿನ ಸಾಲಿನಲ್ಲಿ ನಾನು ಮತ್ತು ಚಾಚಾ ಕೂತೆವು. ರಾಕ್ಷಸನಂಥ ಒಬ್ಬರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಹೋಗಿದ್ದೆ. ಬಂದ ಪರೀಕ್ಷಕರು ಕೂದಲು ಬೆಳ್ಳಗಾದ, ಮೆತ್ತಗೆ ಮಾತನಾಡುವ ಮುದುಕರು. ಇಂಥವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಬಹಳ ಕಷ್ಟದ ಕೆಲಸ.

ಅವರು ಅವಳ ಅಳತೆಗಳನ್ನೆಲ್ಲ ಓದಿದರು. ಮೈಕ್ರೋಸ್ಕೋಪಿನ ಮುಂದೆ ಅರ್ಧ ಗಂಟೆ ಕೂತರು. ಹುಡುಗಿ ಸೆರಗಿನ ತುದಿ ಸುತ್ತುತ್ತ, ಬಿಚ್ಚುತ್ತ ನಿಂತಿದ್ದಳು. ಪರೀಕ್ಷಕರು ಎದ್ದು ಬಂದು ಮೇಜಿನ ಮೇಲಿದ್ದ ಎಲ್ಲಕ್ಕಿಂತ ದೊಡ್ಡ ಮರದ ಸೂಜಿಯನ್ನು ಕೈಗೆತ್ತಿಕೊಂಡರು.

"ಮಾಡಿದವರು ಸ್ವಲ್ಪ ಹೆಚ್ಚಾಗಿಯೇ ಚೂಪು ಮಾಡಿದ್ದಾರೆ ಅನ್ನಿಸುತ್ತದೆ."

"ಇಲ್ಲ ಸರ್. ಅಳತೆಗೆ ಸರಿಯಾಗಿದೆ."

"ನೋಡೋಣ" ಎಂದು ಹೆಬ್ಬೆರಳಿನಿಂದ ತುದಿಯನ್ನು ಒತ್ತಿದರು. ರಕ್ತ ಮಣಿಯಂತೆ ಉಬ್ಬಿ ನಿಂತಿತು. ಅವರು ಬೆರಳನ್ನು ನೋಡಿದರು, ಸೂಜಿ ತಿರುಗಿಸಿ ಇನ್ನೊಂದು ತುದಿಯನ್ನು ನೋಡಿದರು. ಅದನ್ನು ಮುಟ್ಟಲಿಲ್ಲ.

"ಆ ತುದಿಯನ್ನು ನಂಬುತ್ತೇನೆ" ಎಂದರು. "ಎರಡೂ ಕಡೆ ಚೂಪು, ದೊಡ್ಡವೂ ಚೂಪು. ನನ್ನ ಅನುಮಾನ ತಪ್ಪು, ಇದು ಹೊಸದೇ. ಸ್ವಲ್ಪ ಹತ್ತಿ ಇದ್ದರೆ ಕೊಡಿ."

ಹಾಲ್ ಚಪ್ಪಾಳೆ ತಟ್ಟಿತು. ನನ್ನ ಕಣ್ಣು ತುಂಬಿ ಹುಡುಗಿಯ ಮುಖ ಸರಿಯಾಗಿ ಕಾಣಲಿಲ್ಲ. ಮೂವತ್ತು ವರ್ಷದಿಂದ 'ರಕ್ತ ಕೊಟ್ಟೇವು' ಎಂದು ಗಂಟಲು ಹರಿಯುವಂತೆ ಕೂಗಿದ್ದೇನೆ, ಒಂದು ತೊಟ್ಟೂ ಕೊಟ್ಟಿಲ್ಲ, ಒಂದು ಬೇಡಿಕೆಯೂ ಈಡೇರಿಲ್ಲ. ಈ ಹುಡುಗಿ ಒಂದು ಘೋಷಣೆಯನ್ನೂ ಕೂಗದೆ ಗೆದ್ದಳು, ರಕ್ತವನ್ನು ಎದುರಿನವರೇ ಕೊಟ್ಟರು.

ಪಕ್ಕದಲ್ಲಿ ಚಾಚಾ ಮಾತ್ರ ಚಪ್ಪಾಳೆ ತಟ್ಟದೆ ಬಿಳಿಚಿಕೊಂಡು ಕೂತಿದ್ದರು. ನನ್ನ ಕಿವಿಯ ಹತ್ತಿರ ಬಗ್ಗಿ, "ಅವರಿಗೆ ವಯಸ್ಸೆಷ್ಟಿರಬಹುದು?" ಎಂದರು.

"ಎಪ್ಪತ್ತರ ಮೇಲೆ."

ಚಾಚಾ ನಿಟ್ಟುಸಿರು ಬಿಟ್ಟು ಕುರ್ಚಿಗೆ ಒರಗಿದರು. "ಹಂಗಾದ್ರೆ ಸೇರಲ್ಲ ಬಿಡಿ. ನಂದು ಬರೀ ಮಕ್ಕಳ ಲೆಕ್ಕ."