ಜಾಲರಿ ಎಳೆದ ಘಾಟು

ಇನ್ನು ಮುಂದೆ ನನ್ನ ಹೆಂಡತಿಯ ಕಣ್ಣಲ್ಲಿ ಒಂದು ಹನಿ ನೀರೂ ಬರಕೂಡದೆಂದು ಕಳೆದ ನವೆಂಬರಿನಲ್ಲಿ ನಾನು ಭೀಷ್ಮ ಪ್ರತಿಜ್ಞೆ ಮಾಡಿದೆ. ತಪ್ಪು ತಿಳಿಯಬೇಡಿ, ನಮ್ಮದು ಅನ್ಯೋನ್ಯ ಸಂಸಾರ. ಕಣ್ಣೀರಿಗೆ ಕಾರಣ ಕೋಳಿಸಾರಿನ ಮಸಾಲೆಗೆ ಹುರಿಯುವ ಒಣಮೆಣಸು. ಇಂಗ್ಲೆಂಡಿನ ರೇನರ್ಸ್ ಲೇನಿನ ನಮ್ಮ ಅಡುಗೆಮನೆಯಲ್ಲಿ ಅದನ್ನು ಹುರಿದರೆ ಹೊಗೆಯ ಅಲಾರಂ ಬೊಬ್ಬೆ ಹೊಡೆಯುತ್ತದೆ. ಹಾಗಾಗಿ ರಾಜೀವಿ ಹಿತ್ತಲ ಚಳಿಯಲ್ಲಿ ನಿಂತು, ಸ್ವೆಟರಿನ ಮೇಲೆ ನನ್ನ ಜಾಕೆಟನ್ನೂ ಏರಿಸಿಕೊಂಡು ಹುರಿಯುತ್ತಾಳೆ.

ಪರಿಹಾರ ಮನೆಯೊಳಗೇ ಇತ್ತು. ಬೀದಿಯ ಉಳಿದ ಮನೆಗಳಿಗೆಲ್ಲ ರೇಡಿಯೇಟರ್. ನಮ್ಮದು ಮಾತ್ರ ಹಳೇ ಕಾಲದ ಬಿಸಿಗಾಳಿಯ ಮನೆ. ಮೆಟ್ಟಿಲ ಕೆಳಗಿನ ಕಪಾಟಿನಲ್ಲಿ ಹೀಟರ್, ಕೋಣೆ ಕೋಣೆಯ ನೆಲದಲ್ಲೂ ಬಿಸಿಗಾಳಿ ಊದುವ ಪುಟ್ಟ ಕಿಂಡಿ. ಹಜಾರದ ಗೋಡೆಯ ದೊಡ್ಡ ಜಾಲರಿಯೊಂದರಲ್ಲಿ ಮಾತ್ರ ಗಾಳಿಯೇ ಬರುವುದಿಲ್ಲ. ಒಂದು ಟಿಶ್ಯೂ ಹಿಡಿದು ನೋಡಿದೆ. ಪಟಕ್ಕನೆ ಅಂಟಿಕೊಂಡಿತು!

"ರಾಜೀವಿ, ಕಾಣ್. ಇದ್ ಗಾಳಿ ಎಳೀತ್ತ್. ಮನೆ ಒಳ್ಗೇ ಇಷ್ಟ್ ದೊಡ್ಡ ಎಕ್ಸಾಸ್ಟ್ ಫ್ಯಾನ್ ಇಟ್ಕಂಡ್ ನೀನ್ ಹೊರ್ಗ್ ನಡುಗ್ತಾ ಇದ್ದೆ."

"ಹ್ವಾಯ್, ಎಳ್ದ ಗಾಳಿ ಎಲ್ಲಿಗ್ ಹೋತ್ತ್?"

"ಹೊರ್ಗೆ."

"ಗೋಡೆ ಆಚಿ ಬದಿ ತೂತೇ ಇಲ್ಲೆ ಅಲ್ದಾ?"

"ಇಂಗ್ಲೆಂಡಿನವ್ರ್ ಕಟ್ಟಿದ್ ಮನೆ. ಎಲ್ಲೋ ಇರತ್ತ್."

ಮೇಲಿನ ಕೋಣೆಯಲ್ಲಿ ಮಗಳು ಪ್ರೇಕ್ಷಾ ಲ್ಯಾಪ್‌ಟಾಪ್ ಮುಂದೆ ಕೂತಿದ್ದಳು. ತಿಂಗಳುಗಟ್ಟಲೆ ಕೆಲಸ ಹುಡುಕಿ ಸೋತವಳಿಗೆ ಅಂದು ಕೊನೆಯ ಸುತ್ತಿನ ಸಂದರ್ಶನ. "ಅವ್ಳದ್ ಮುಗೀಲಿ, ಆಮೇಲ್ ಹುರಿವ" ಎಂದಳು ರಾಜೀವಿ. ಮಗಳು ಮೇಲೆ, ನಾವು ಕೆಳಗೆ, ನಡುವೆ ಇಡೀ ಒಂದು ಮಹಡಿ ಇದೆಯೆಂದು ನಾನು ವಾದಿಸಿದೆ.

ಇಂಡಕ್ಷನ್ ಒಲೆಯನ್ನು ಜಾಲರಿಯ ಬುಡಕ್ಕೆ ಎಳೆದು ಬಾಣಲೆ ಇಟ್ಟು ಮೆಣಸು ಸುರಿದೆ. ಹೊಗೆ ಎದ್ದಿತು, ವಿಧೇಯ ವಿದ್ಯಾರ್ಥಿಯಂತೆ ಸಾಲಾಗಿ ಜಾಲರಿಯೊಳಗೆ ನಡೆಯಿತು. ಹಜಾರದಲ್ಲಿ ಘಾಟೇ ಇಲ್ಲ! ನಾನು ಇಲ್ಲದ ಮೀಸೆ ತಿರುವಿದೆ.

ಮಹಡಿಯ ಮೇಲಿಂದ ಒಂದು ಸೀನು ಕೇಳಿಸಿತು. ಹಿಂದೆಯೇ ಇನ್ನೊಂದು. ಆಮೇಲೆ ಶುರುವಾದ ಕೆಮ್ಮು ನಿಲ್ಲಲೇ ಇಲ್ಲ.

ಅಲ್ಲಿ ಸ್ವಲ್ಪ ಸೋರಿರಬೇಕು, ಇನ್ನೂ ಜೋರಾಗಿ ಎಳೆಯಲಿ ಎಂದು ನಾನು ಹೀಟರನ್ನು ಪೂರ್ತಿ ಏರಿಸಿದೆ. ಈಗ ಅಲಾರಮ್ಮೂ ಕೂಗತೊಡಗಿತು, ಅದೂ ಮಗಳ ಕೋಣೆಯ ಬಾಗಿಲಲ್ಲಿ!

ರಾಜೀವಿ ಒಲೆ, ಹೀಟರ್ ಎರಡನ್ನೂ ಆರಿಸಿದಳು. "ಮನೆ ಗಾಳಿನೇ ಎಳ್ದ್, ಬಿಸಿ ಮಾಡಿ, ವಾಪಸ್ ಕೋಣೆಗ್ ಕಳ್ಸತ್ತ್ ಮಾರ್ರೆ ಅದ್. ಹೊರ್ಗೂ ಇಲ್ಲೆ, ಎಂತದೂ ಇಲ್ಲೆ." ನಾನು ಹುರಿದ ಮೆಣಸಿನ ಘಾಟನ್ನು ಬಿಸಿಬಿಸಿಯಾಗಿ ಮಗಳ ಕಾಲಬುಡಕ್ಕೇ ಬಡಿಸಿದ್ದೆ.

ಪ್ರೇಕ್ಷಾ ಕೆಂಪು ಮೂಗು ಒರೆಸುತ್ತಾ ಇಳಿದು ಬಂದಳು. "ದೇ ಆಸ್ಕ್ಡ್ ವೈ ಐ ವಾಂಟ್ ದಿ ಜಾಬ್, ಅಪ್ಪಾ. ಐ ಜಸ್ಟ್ ಕೆಪ್ಟ್ ಕ್ರೈಯಿಂಗ್."

ಆ ವಾರವೆಲ್ಲ ನಾನು ಮನೆಯಲ್ಲಿ ಬೆಕ್ಕಿನಂತೆ ಓಡಾಡಿದೆ.

ಶುಕ್ರವಾರ ಉತ್ತರ ಬಂತು. ಕೆಲಸ ಸಿಕ್ಕಿತ್ತು! ಇಷ್ಟು ಮನಸಾರೆ ಕೆಲಸ ಕೇಳಿದವರನ್ನು ತಾವು ಕಂಡೇ ಇಲ್ಲವೆಂದು ಬರೆದಿದ್ದರು. ನನಗೆ ಜೀವ ಬಂತು, ಜೊತೆಗೆ ಜಂಬವೂ.

"ಕಂಡ್ಯಾ ಮಗಾ? ಕೆಲ್ಸ ಕೊಡ್ಸದ್ ಅಪ್ಪನ ಮೆಣಸು. ಇನ್ನ್ ಮನೆಯಿಂದ್ಲೇ ಕೆಲ್ಸ ಮಾಡ್ಲಕ್ಕ್ ಅಂಬ್ರ್ ಅಲ್ದಾ?"

"ದೇ ಆಫರ್ಡ್" ಎಂದಳು ಪ್ರೇಕ್ಷಾ, ಬೂಟಿನ ದಾರ ಕಟ್ಟುತ್ತಾ. "ಐ ಬೆಗ್ಡ್ ದೆಮ್ ಫಾರ್ ಆಫೀಸ್, ಅಪ್ಪಾ. ಫೈವ್ ಡೇಸ್ ಅ ವೀಕ್."