ಭಾಂಡೆವಾಣಿ

"ಎಲ್ಲಾರೂ ತುಸು ಹಿಂದ ಸರೀರಿ! ಭಾಂಡೆವಾಣಿ ಮಾತಾಡಾಕ ಸುರು ಮಾಡತೈತಿ!" ಎಂದು ದಾನೇಶ್ವರಿ, ಎಲ್ಲರ ಬಾಯಲ್ಲಿ ದಾನಿ, ಪಡಸಾಲೆಯ ನಡುವೆ ನಿಂತು ಸಾರಿದಳು.

ಎಲ್ಲಾರೂ ಎಂದರೆ ಅಲ್ಲಿದ್ದವರು ಇಬ್ಬರೇ. ಒಬ್ಬರು ಅವಳ ಆಯಿ, ಅಂದರೆ ಅಪ್ಪನ ತಾಯಿ ನೀಲಗಂಗವ್ವ. ಇನ್ನೊಂದು ಬೆಕ್ಕು. ಬೆಕ್ಕಿಗೆ ದಾನಿಯ ಯಂತ್ರಗಳ ಹಳೆಯ ಅನುಭವವಿತ್ತು. ಹಿಂದೆ ಸರಿ ಎನ್ನುವ ಮೊದಲೇ ಅದು ಮಾಡು ಹತ್ತಿಯಾಗಿತ್ತು. ನೀಲಗಂಗವ್ವ ಮಾತ್ರ ಕಂಬಕ್ಕೆ ಒರಗಿ, ಕಾಲು ಚಾಚಿ, ಬತ್ತಿ ಹೊಸೆಯುತ್ತ ಕುಳಿತಿದ್ದಳು. ಅವಳು ಯಾವುದಕ್ಕೂ ಅವಸರ ಮಾಡಿದವಳಲ್ಲ.

ಸ್ಟೂಲಿನ ಮೇಲಿದ್ದ ಭಾಂಡೆವಾಣಿ, ಅಂದರೆ ಪಾತ್ರೆಗಳನ್ನು ಮಾತಾಡಿಸುವ ಯಂತ್ರ, ನೋಡಲು ಹೀಗಿತ್ತು: ಕೆಳಗೆ ಕೆಟ್ಟುಹೋದ ಮಿಕ್ಸರಿನ ಮೋಟಾರು, ಅದರ ಮೇಲೆ ತಿರುಗುವ ರೊಟ್ಟಿ ಹಂಚು, ಪಕ್ಕದಲ್ಲಿ ಹೊಲಿಗೆ ಯಂತ್ರದ ಸೂಜಿ, ಎಲ್ಲಕ್ಕೂ ಮೇಲೆ ಗಣಪತಿ ಮಂಡಳಿಯವರು ಬಿಸಾಕಿದ ಧ್ವನಿವರ್ಧಕದ ತುತ್ತೂರಿ.

ಗದಗಿನ ಕಾಲೇಜೊಂದರಲ್ಲಿ ದಾನಿ ಸಂವಹನ ಮತ್ತು ಕಲೆ ಎಂಬ ಕೋರ್ಸು ಓದುತ್ತಿದ್ದಳು. ಅಲ್ಲಿ ಕುಬಸದ ಸರ್ ಎಂಬವರು ಇದ್ದರು. ಅವರು ಕೊಡುವ ಅಸೈನ್‌ಮೆಂಟುಗಳು ಬರೆದು ಮುಗಿಸುವಂಥವಲ್ಲ. ಒಮ್ಮೆ, "ಮನುಷ್ಯರ ಕಣ್ಣಿಗೆ ಬೀಳದ ನಿಮ್ಮ ಓಣಿ ತೋರಿಸಿ" ಎಂದರು. ದಾನಿ ತಾನೇ ಮಾಡಿದ ಕ್ಯಾಮರಾವನ್ನು ಎಮ್ಮೆಯ ಕೊಂಬಿಗೆ ಕಟ್ಟಿದಳು. ಎಮ್ಮೆ ನೇರ ಕೆರೆಗೆ ಹೋಗಿ ಮುಳುಗಿ ಕುಳಿತಿತು. ಚಿತ್ರದಲ್ಲಿ ಬಂದದ್ದು ಬರೀ ಹಸಿರು ನೀರು, ಒಂದು ನೊಣ! ಸರ್ ಅದನ್ನು ಎರಡು ಸಲ ನೋಡಿ ಕಣ್ಣು ಒರೆಸಿಕೊಂಡರಂತೆ. ಈಗಿನ ಅಸೈನ್‌ಮೆಂಟು, "ನಿಮ್ಮ ಮನೆಯ ಹಳೆಯ ಸದ್ದೊಂದನ್ನು ಹಿಡಿದು ತನ್ನಿ." ಮಿಕ್ಕ ಹುಡುಗರೆಲ್ಲ ಕುಕ್ಕರಿನ ಸೀಟಿ ಹಿಡಿದು ಒಪ್ಪಿಸಿ ಆರಾಮಾಗಿದ್ದರು.

"ಆಯಿ, ಭಾಂಡೆ ಅಂಗಡ್ಯಾಗ ಗುಂಯ್ ಅಂತ ಮಷಿನ್ ಹಿಡದು ಹೆಸರು ಹಾಕ್ತಾರಲ್ಲ?"

"ಹೂಂ."

"ಆ ಸೂಜಿ ಸ್ಟೀಲ್ ಮ್ಯಾಲ ಗೀರೂಮುಂದ ಸುತ್ತ ಮಂದಿ ಆಡೂ ಮಾತೂ ಆ ಗೀರಿನ್ಯಾಗ ಹೊಕ್ಕು ಕುಂತಿರ್ತಾವಬೇ! ಗ್ರಾಮಫೋನ್ ತಟ್ಟಿಯಾಗ ಕುಂತಂಗ! ನನ್ನ ಸೂಜಿ ಅವನ್ನ ಎಬ್ಬಸತೈತಿ."

"ಮಲಗಿದವರನ್ನ ಯಾಕ ಎಬ್ಬಸ್ತೀ?" ಎಂದಳು ನೀಲಗಂಗವ್ವ.

ದಾನಿ ಅಡುಗೆಮನೆಯಿಂದ ಒಂದು ತಂಬಿಗೆ ತಂದು ಹಂಚಿನ ಮೇಲಿಟ್ಟಳು. ಅವಳ ಅವ್ವ ರೇಣುಕಾಳಿಗೆ ಮದುವೆಯಲ್ಲಿ ರೇಣುಕಾಳ ಸೋದರಮಾವ ಆಯೇರಿ ಮಾಡಿದ, ಅಂದರೆ ಉಡುಗೊರೆ ಕೊಟ್ಟ ತಂಬಿಗೆ. ಮೋಟಾರು ಗರಗರ ತಿರುಗಿತು. ಸೂಜಿ ಹೆಸರಿನ ಮೇಲೆ ಕುಳಿತಿತು. ತುತ್ತೂರಿ ಎರಡು ಸಲ ಸೀನಿ, ಆಮೇಲೆ ಅಚ್ಚುಕಟ್ಟಾಗಿ ಮಾತಾಡಿತು: "ತಂಬಿಗಿ ಸಣ್ಣದ ಇರ್ಲಿ ಮಾರಾಯಾ, ಅದರ ಮ್ಯಾಲ ನನ್ನ ಹೆಸರು ಮಾತ್ರ ದೊಡ್ಡದಾಗಿ ಹಾಕು!"

ರೇಣುಕಾ ರೊಟ್ಟಿ ಬಡಿಯುವುದನ್ನು ಬಿಟ್ಟು ಓಡಿಬಂದಳು. "ಅಯ್ಯ! ನಮ್ಮ ಮಾಮಾನ ದನಿ! ಏನಂದ? ಸಣ್ಣದ ಇರ್ಲಿ ಅಂದನ? ಆಗ ನಮ್ಮಪ್ಪನ ಮುಂದ ಅಂಗಡ್ಯಾಗಿನ ದೊಡ್ಡ ತಂಬಿಗಿನ ಇದು ಅಂದಿದ್ದ!"

ದಾನಿ ಕುಣಿದಾಡಿದಳು. ನೀಲಗಂಗವ್ವನ ಕೈಯಲ್ಲಿದ್ದ ಬತ್ತಿ ಮಾತ್ರ ಅಲ್ಲೇ ನಿಂತಿತು.

ಅವಳ ಯಜಮಾನರು ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ತೀರಿಕೊಂಡು ಬಹಳ ವರ್ಷವಾಯಿತು. ಮುಖ ಗೋಡೆಯ ಮೇಲಿನ ಫೋಟೋದಲ್ಲಿದೆ. ದನಿ ಮಾತ್ರ ಎಲ್ಲೂ ಉಳಿದಿರಲಿಲ್ಲ. ಈಚೀಚೆಗೆ ನೀಲಗಂಗವ್ವನ ತಲೆಯಲ್ಲೂ ಅದು ಸವೆದು ಸಣ್ಣದಾಗುತ್ತ ಬಂದಿತ್ತು. ಇನ್ನೊಂದು ಮಾತಿದೆ. ಅವರ ಕಾಲದಲ್ಲಿ ಹೆಂಡತಿ ಗಂಡನ ಹೆಸರು ಹಿಡಿಯುತ್ತಿರಲಿಲ್ಲ, ಗಂಡನೂ ಹೆಂಡತಿಯ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಮಗ ಈರಣ್ಣ ಹುಟ್ಟಿದ ಮೇಲೆ ಅವಳು "ಈರಣ್ಣನವ್ವಾ" ಆದಳು. ಅದಕ್ಕೂ ಮೊದಲು ಅವರು ಬರೀ ಕೆಮ್ಮುತ್ತಿದ್ದರು. ಒಂದು ಕೆಮ್ಮಿಗೆ ನೀರು, ಎರಡು ಕೆಮ್ಮಿಗೆ ಊಟ. ಸಂಸಾರ ಚೆನ್ನಾಗಿಯೇ ನಡೆಯಿತು. ಆದರೆ ತನ್ನ ಹೆಸರು ಅವರ ಬಾಯಲ್ಲಿ ಹೇಗೆ ಕೇಳಿಸುತ್ತದೆ ಎಂಬುದು ಅವಳಿಗೆ ಕೊನೆಗೂ ಗೊತ್ತಾಗಲಿಲ್ಲ.

ಒಂದು ಸೋಮವಾರ, ಸಂತೆಯ ದಿನ, ಅವರು ಭಾಂಡೆ ಬಜಾರದಿಂದ ಹಾಲಿನ ಪಾತ್ರೆ ತಂದಿದ್ದರು. ಹಳೇ ಪೇಪರಿನಲ್ಲಿ ಸುತ್ತಿ, ಅಡುಗೆಮನೆಯ ಹೊಸ್ತಿಲ ಮೇಲಿಟ್ಟು, ಕೆಮ್ಮಿ, "ಹಾಲು ಕಾಸಾಕ" ಎಂದು ಹೇಳಿ ಹೋಗಿಬಿಟ್ಟಿದ್ದರು. ಪಾತ್ರೆಯಿಂದ ಅಂಗಡಿಯವರು ನಡುನಡುವೆ ತುರುಕುವ ಹುಲ್ಲಿನ ವಾಸನೆ ಇನ್ನೂ ಹೋಗಿರಲಿಲ್ಲ. ನೀಲಗಂಗವ್ವ ಶಾಲೆಗೆ ಹೋದದ್ದು ಅಷ್ಟಕ್ಕಷ್ಟೇ. ಆದರೂ ತನ್ನ ಹೆಸರಿನ ಆಕಾರ ಅವಳಿಗೆ ಗೊತ್ತಿತ್ತು. ಪಾತ್ರೆಯ ಮೇಲೆ ಅದೇ ಇತ್ತು. ಅಂದರೆ ಅವರು ಅಂಗಡಿಯವನ ಮುಂದೆ ಹೆಸರು ಹೇಳಲೇಬೇಕಾಗಿತ್ತಲ್ಲ!

ಪಾತ್ರೆ ಈಗ ಮನೆಯಲ್ಲಿರಲಿಲ್ಲ. ಪಕ್ಕದ ಮನೆಯ ಕಸ್ತೂರೆವ್ವನ ಗೋಡೆಯ ಮಾಡದಲ್ಲಿತ್ತು. ಎಂದೋ ಹುಗ್ಗಿ ತುಂಬಿ ಕೊಟ್ಟಿದ್ದು. ಆಮೇಲೆ ಬಚ್ಚಲ ನೀರು ಯಾರ ಅಂಗಳಕ್ಕೆ ಹರಿಯಬೇಕು ಎಂದು ಜಗಳವಾಗಿ, ಎರಡೂ ಮನೆಗೆ ಮಾತು ನಿಂತಿತ್ತು.

ನೀಲಗಂಗವ್ವ ಎದ್ದಳು. ನಡುವಿನ ಗಿಡ್ಡ ಗೋಡೆಯ ಬಳಿ ಹೋಗಿ ನಿಂತಳು.

"ಕಸ್ತೂರೆವ್ವ, ನಮ್ಮದೊಂದು ಪಾತ್ರೆ ನಿಮ್ಮಲ್ಲಿ ಉಳದೈತಿ."

ಕಸ್ತೂರೆವ್ವ ಹಪ್ಪಳ ಒಣಹಾಕುತ್ತಿದ್ದಳು. ತಿರುಗಿಯೂ ನೋಡದೆ, "ಉಳದೈತಿ. ನಾ ಏನ್ ನುಂಗೀನೇನು?" ಎಂದಳು.

"ಕೊಡು ಮತ್ತ."

"ಖಾಲಿ ಪಾತ್ರೆನ? ತುಂಬಿ ಬಂದ ಪಾತ್ರೆ ಬರೇ ಕೊಡಾಕ ನಾ ಏನ್ ರೀತಿ ರಿವಾಜ ಇಲ್ಲದಾಕಿ? ಏನರ ಮಾಡಿ ತುಂಬಿ ಕೊಡಬೇಕಂದೆ. ಅಷ್ಟರಾಗ ನೀ ಮಾತು ಬಿಟ್ಟಿ!"

"ನಾ ಬಿಟ್ಟೆನ? ನೀ ಬಿಟ್ಟಿ!"

"ಮಾತು ಬಿಟ್ಟವರ ಮನಿಗೆ ಏನಂತ ತುಂಬಿ ಕಳಸ್ಲಿ? ಅದಕ್ಕ ಹಂಗ ಇಟ್ಟೀನಿ. ಹಬ್ಬಕ್ಕೊಮ್ಮೆ ಒರಸಿ ಇಡ್ತೀನಿ, ಬೇಕಾದ್ರ ಬಂದು ನೋಡು! ಏನರ ಸಿಹಿ ಮಾಡಿದಾಗ ಕೊಡ್ತೀನಿ."

ಸಿಹಿ ಆಗುವವರೆಗೆ ನೀಲಗಂಗವ್ವ ಕಾಯಲು ಸಿದ್ಧಳಿದ್ದಳು. ಆದರೆ ಓಣಿ ಕಾಯಲಿಲ್ಲ.

ಮರುದಿನ ಭಾನುವಾರ. ಸುದ್ದಿ ಹರಡಿ ಮಂದಿ ತಮ್ಮ ತಮ್ಮ ಗಂಗಾಳ, ಚರಿಗೆ, ಡಬ್ಬಿ ಹಿಡಿದು ಸಾಲು ಹಚ್ಚಿದರು. ಕಸ್ತೂರೆವ್ವ ತಾನು ಬಾರದೆ, ತನ್ನ ಭಾಂಡೆಗಳನ್ನು ಯಾರದೋ ಕೈಯಲ್ಲಿ ಕಳಿಸಿದ್ದಳು. ಮೊದಮೊದಲು ಎಲ್ಲರೂ ಅತ್ತರು. ಒಬ್ಬಳಿಗೆ ತೀರಿಹೋದ ತವರಿನ ಅಣ್ಣ "ನಮ್ಮ ತಂಗಿಗ್ರೀ, ಗಟ್ಟಿ ಇರೂದು ಕೊಡ್ರಿ" ಅಂದದ್ದು ಕೇಳಿಸಿತು. ಮುದುಕನೊಬ್ಬನಿಗೆ ಹಳೆಯ ಬಜಾರದ ಟಾಂಗಾ ಗಂಟೆ ಕೇಳಿಸಿ, ಅವನು ಅಲ್ಲೇ ಕುಳಿತುಬಿಟ್ಟ.

ಆಮೇಲೆ ಜಗಳ ಸುರುವಾಯಿತು. "ಅಕಿಗೇನ್ ತಿಳೀತೈತಿ, ಹಗೂರದ್ದ ಕೊಡ್ರಿ!" ಎಂದು ಹಿಟ್ಟು ಕಲಸುವ ಒಂದು ಪರಾತ ಕೂಗಿತು. ದನಿ ನಾದಿನಿಯದು, ನಾದಿನಿಯೂ ಸಾಲಿನಲ್ಲೇ ನಿಂತಿದ್ದಳು! ಇನ್ನೊಂದು ತಾಟು, "ಅವರ ಕೊಟ್ಟ ತಾಟಿಗೆ ನಮ್ಮ ಹೆಸರು ಹಾಕಿ ಅವರ ಮಗಳ ಲಗ್ನಕ್ಕ ಕೊಟ್ಟರಾತು" ಎಂದಿತು. ಇಬ್ಬರು ಬೀಗರು ಅಂಗಳಕ್ಕೆ ಇಳಿದು ತೋಳು ಏರಿಸಿದರು.

"ಕುಬಸದ ಸರ್‌ಗೆ ಇದು ಭಾಳ ಸೇರತೈತಿ!" ಎಂದು ದಾನಿ ಎಲ್ಲವನ್ನೂ ಫೋನಿನಲ್ಲಿ ಹಿಡಿಯುತ್ತಿದ್ದಳು.

ನಿಜವಾದ ಅನಾಹುತ ಗೊತ್ತಾದದ್ದು ಸೋಮವಾರ ಬೆಳಗ್ಗೆ. ದಾನಿಯ ಸೂಜಿ ಮಾತುಗಳನ್ನು ಎಬ್ಬಿಸಿತ್ತೇ ಹೊರತು ಮತ್ತೆ ಮಲಗಿಸಿರಲಿಲ್ಲ! ಪಾತ್ರೆಗೆ ಬಿಸಿ ತಾಗಿದ್ದೇ ತಡ, ಅದು ತಾನಾಗಿಯೇ ಬಾಯಿ ಬಿಡುತ್ತಿತ್ತು. ಒಂದು ಮನೆಯಲ್ಲಿ ಅನ್ನದ ಪಾತ್ರೆ, "ತುಸು ಕಡಿಮಿ ಮಾಡ್ರಿ ಸಾಹುಕಾರ್ರ!" ಎಂದು ಗೋಗರೆಯಿತು. ಎದುರು ಮನೆಯ ಸಾರಿನ ಪಾತ್ರೆ, "ಆಗೂದಿಲ್ರಿ ಅಕ್ಕಾರ!" ಎಂದು ಉತ್ತರ ಕೊಟ್ಟಿತು. ಕುದಿ ಹೆಚ್ಚಾದಷ್ಟೂ ದನಿ ಹೆಚ್ಚು! ಓಣಿಗೆ ಓಣಿಯೇ ಸಂತೆಯಾಯಿತು. ಮಕ್ಕಳು ಚಹಾ ಕುಡಿಯದೆ ಶಾಲೆಗೆ ಹೋದರು. ಜಿಪುಣತನ ಬಯಲಾದ ಗಂಡಸರು ಹಿತ್ತಲ ಬಾಗಿಲಿಂದ ಕೆಲಸಕ್ಕೆ ಹೋದರು.

ಹತ್ತು ಗಂಟೆಗೆ ಓಣಿಯವರೆಲ್ಲ ಬಂದು ಬಾಗಿಲಲ್ಲಿ ನಿಂತರು.

"ಈರಣ್ಣನ ಮಗಳು ಎಲ್ಲಿ? ಆ ಮಷಿನ್ ಹೊರಗ ತಗೀರಿ! ಒಡದು ಹಾಕ್ತೀವಿ!"

"ಇವತ್ತ ಒಪ್ಪಸಬೇಕ್ರಿ! ಸರ್ ಮನಿಗೇ ಬರಾಕತ್ತಾರ, ಅವರು ನೋಡೂತನಕ ತಡೀರಿ!" ದಾನಿ ಯಂತ್ರವನ್ನು ತಬ್ಬಿಕೊಂಡು ನಿಂತಿದ್ದಳು.

ನೀಲಗಂಗವ್ವ ಮೊದಲ ಬಾರಿಗೆ ಅವಸರಪಟ್ಟಳು. ಯಂತ್ರ ಒಡೆದರೆ ಮುಗಿಯಿತು. ಅವಳು ಗಿಡ್ಡ ಗೋಡೆಯ ಕಡೆ ನೋಡಿದಳು. ಯಾಕೆ ಎಂದು ಯಾರಿಗೂ ಹೇಳಿರಲಿಲ್ಲ. ಈ ವಯಸ್ಸಿನಲ್ಲಿ ಹೇಳುವ ಮಾತೇ ಅದು?

ಅಷ್ಟರಲ್ಲಿ ಕುಬಸದ ಸರ್ ಬಂದರು. ತೆಳ್ಳಗಿನ ಮನುಷ್ಯ, ಹೆಗಲಿಗೆ ಜೋಳಿಗೆ. ಮಂದಿಯ ಬೈಗುಳವನ್ನೆಲ್ಲ ಕಣ್ಣು ಮುಚ್ಚಿ ಕೇಳಿ, "ಆಹಾ! ಒಂದು ಓಣಿ ತನ್ನ ದನಿಯನ್ನು ಕಂಡುಕೊಂಡಿದೆ!" ಎಂದರು. ಮಂದಿಗೆ ಇನ್ನಷ್ಟು ಸಿಟ್ಟು ಬಂತು.

"ಒಂದ ಪಾತ್ರೆ ತೋರಸ್ತೀನಿ ಸರ್, ಆಮ್ಯಾಲ ಬಂದ್ ಮಾಡ್ತೀನಿ," ಎಂದು ದಾನಿ ಸುತ್ತ ನೋಡಿದಳು. ಯಾರೂ ತಮ್ಮ ಪಾತ್ರೆ ಕೊಡಲಿಲ್ಲ.

"ಸರೀರಿ, ದಾರಿ ಬಿಡ್ರಿ, ಬಿಸಿ ಐತಿ!"

ಕಸ್ತೂರೆವ್ವ! ಸೆರಗಿನಲ್ಲಿ ಹಿಡಿದ ಪಾತ್ರೆಯ ತುಂಬ ಶಾವಿಗೆ ಪಾಯಸ. "ಮನ್ಯಾಗಿನ ಭಾಂಡೆಲ್ಲ ಒದರಾಕತ್ತಾವು. ಕಡೀಕ ಮಣ್ಣಿನ ಗಡಿಗ್ಯಾಗ ಮಾಡಿ ಇದಕ್ಕ ಹಾಕೀನಿ. ತಗೋ ನೀಲಗಂಗವ್ವ. ಬರೇ ಪಾತ್ರೆ ಕೊಟ್ಟಳು ಅನ್ನಬ್ಯಾಡ!"

"ಯಾರು ಅಂದ್ರು?"

"ನೀ ಅಂತಿದ್ದಿ. ನಿನ್ನ ನಾ ಅರಿಯೆನ?"

ಪಾಯಸ ತುಂಬಿದ ಪಾತ್ರೆಯನ್ನು ಹಂಚಿನ ಮೇಲಿಟ್ಟು ತಿರುಗಿಸುವುದು ಹೇಗೆ? ಯಂತ್ರ ಒಡೆಯಲು ಬಂದವರೇ ಅಂಗಳದಲ್ಲಿ ಕುಳಿತು ಪಾಯಸ ಖಾಲಿ ಮಾಡಿದರು. ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲವಲ್ಲ! ನೀಲಗಂಗವ್ವ ತಾನೇ ಪಾತ್ರೆ ತೊಳೆದು ಮೊಮ್ಮಗಳ ಕೈಗೆ ಕೊಟ್ಟಳು.

"ಸೂಜಿ ಸ್ಟೀಲಿಗೆ ಹಚ್ಚಿದ ಮ್ಯಾಲ ಆಡಿದ ಮಾತಷ್ಟ ಸಿಗ್ತಾವ್ರಿ ಸರ್, ಅದಕ್ಕಿಂತ ಮೊದಲಿನವು ಇಲ್ಲ," ಎಂದು ದಾನಿ ವಿವರಿಸಿದಳು.

ನೀಲಗಂಗವ್ವ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಹೆಸರು ಕೇಳಿಕೊಂಡ ಮೇಲಲ್ಲವೇ ಅಂಗಡಿಯವನು ಸೂಜಿ ಹಚ್ಚುವುದು? ಅವರು ಹೆಸರು ಹೇಳಿದ್ದರೆ ಅದು ಗಾಳಿಗೆ ಹೋಗಿರುತ್ತದೆ. ಅವಳು ಕಂಬ ಹಿಡಿದುಕೊಂಡಳು.

ತುತ್ತೂರಿ ಸೀನಿತು. ಗುಂಯ್ ಎಂಬ ಸದ್ದಿನ ನಡುವೆ ಅಂಗಡಿಯವನ ದನಿ ಬಂತು: "ಹೆಣಮಕ್ಕಳದ ಅಲ್ರೀ? ಮೊದಲ ಸೌಭಾಗ್ಯವತಿ ಅಂತ ಸೌ ಹಾಕಿರ್ತೀನಿ, ಕೆಲಸ ಲಗೂ ಆಗತೈತಿ. ಹೂಂ, ಹಾಕಾಕತ್ತೀನಿ. ಈಗ ಹೆಸರು ಹೇಳ್ರಿ."

ಒಂದು ಕೆಮ್ಮು.

ನೀಲಗಂಗವ್ವ ಅಭ್ಯಾಸಬಲದಿಂದ ನೀರು ತರಲು ಒಂದು ಹೆಜ್ಜೆ ಇಟ್ಟು, ತಡೆದು ನಿಂತಳು.

"ಹೆಸರ್ರೀ!"

ಎರಡು ಕೆಮ್ಮು. "ನಮ್ಮ... ಮನಿಯವರದು."

"ಮನಿಯವರು ಅಂತ ಹಾಕಲೇನು?" ಅಂಗಡಿಯಲ್ಲಿ ಮಂದಿ ನಕ್ಕರು. "ಸೂಜಿ ಎತ್ತಿದ್ರ ಕಲೆ ಬೀಳತೈತಿ. ಸುಮ್ನ ಬಳ್ಳಿ ಬಿಡಸ್ಕೊಂತ ಕುಂತೀನಿ, ಲಗೂ ಹೇಳ್ರಿ!"

"ನೀಲಗಂಗವ್ವ," ಎಂದಿತು ಆ ದನಿ, ದೇವರ ಕೋಣೆಯಲ್ಲಿ ಮಾತಾಡಿದ ಹಾಗೆ.

"ಜೋರ್ ಹೇಳ್ರಿ, ಮಷಿನ್ ಸಪ್ಪಳ!"

"ನೀಲಗಂಗವ್ವ."

"ಇನ್ನಷ್ಟು!"

"ನೀಲಗಂಗವ್ವಾ!"

ಅಂಗಡಿಯ ನಗು ನಿಂತಿತು. "ಇಷ್ಟ ಚಲೋ ಹೆಸರು, ಯಾಕ್ರೀ ಬಾಯಾಗ ಮುಚ್ಚಿ ಇಟ್ಟೀರಿ?" ಎಂದ ಅಂಗಡಿಯವನು.

"ಮನ್ಯಾಗ ಗೊತ್ತಾಗಬಾರ್ದು ನೋಡ್ರಿ ಮತ್ತ," ಎಂದಿತು ದನಿ.

ಢಂ! ಮೋಟಾರು ಹೊಗೆ ಕಾರಿ ಸಿಡಿಯಿತು. ತುತ್ತೂರಿ ಹಾರಿ ಕಸ್ತೂರೆವ್ವನ ಹಪ್ಪಳದ ಮೇಲೆ ಬಿತ್ತು. ಯಾರಿಗೂ ಒಡೆಯುವ ಕೆಲಸವೇ ಉಳಿಯಲಿಲ್ಲ.

"ಅಯ್ಯ, ನನ್ನ ಹಪ್ಪಳ!" ಎಂದು ಕಸ್ತೂರೆವ್ವ ಕೂಗಬೇಕಾಗಿತ್ತು. ಅವಳು ನೀಲಗಂಗವ್ವನ ಪಕ್ಕಕ್ಕೆ ಬಂದು ಕುಳಿತು, ಸೆರಗಿನಿಂದ ಮೊದಲು ತನ್ನ ಮೂಗು ಒರೆಸಿಕೊಂಡಳು.

ಕುಬಸದ ಸರ್ ದಾನಿಗೆ ಪೂರ್ತಿ ಅಂಕ ಕೊಟ್ಟರು. ಇಡೀ ವರ್ಗಕ್ಕೆ ಮುಂದಿನ ಅಸೈನ್‌ಮೆಂಟಿನ ವಿಷಯ ಮೌನ ಎಂದೂ ಅಲ್ಲೇ ತೀರ್ಮಾನಿಸಿದರು. ಓಣಿಯ ಹೆಂಗಸರು ಬೂದಿ, ಹುಣಸೆಹಣ್ಣು ಹಾಕಿ ಪಾತ್ರೆಗಳನ್ನು ತಿಕ್ಕಿದ್ದೇ ತಿಕ್ಕಿದ್ದು. ಗೀರು ಸವೆದಂತೆ ಮಾತೂ ಸವೆದು, ಓಣಿ ಮತ್ತೆ ಮೊದಲಿನಂತಾಯಿತು.

ಒಂದು ಪಾತ್ರೆಯನ್ನು ಬಿಟ್ಟು. ಅದನ್ನು ನೀಲಗಂಗವ್ವ ಒಳಗಷ್ಟೇ ತಿಕ್ಕುತ್ತಾಳೆ. ಹೊರಗೆ ಮೆತ್ತನೆಯ ಬಟ್ಟೆ. ದಿನಾ ಬೆಳಗ್ಗೆ ಹಾಲು ಕಾಸಲು ಅದನ್ನೇ ಇಡುತ್ತಾಳೆ. ಬೆಚ್ಚಗಾದಾಗ ಒಂದು ಕೆಮ್ಮು. ಕೆನೆ ಕಟ್ಟುವಾಗ ಎರಡು. ಆಮೇಲೆ ಸಣ್ಣಗೆ ಹೆಸರು. ಕೊನೆಯ ಕೂಗು ಬರಬೇಕಾದರೆ ಹಾಲು ಉಕ್ಕಲೇಬೇಕು. ಹಾಗಾಗಿ ಅವಳು ಉಕ್ಕಲು ಬಿಡುತ್ತಾಳೆ.

"ಅತ್ತೀ, ದಿನಾ ಅರ್ಧ ಹಾಲು ಒಲಿ ಪಾಲು! ಉಕ್ಕೂದಕ್ಕಿಂತ ಮೊದಲ ಇಳಸಬಾರ್ದ?" ಎಂದು ರೇಣುಕಾ ಒಲೆ ಒರೆಸುತ್ತ ಗೊಣಗುತ್ತಾಳೆ.

"ನನಗೇನ್ ಹೇಳ್ತೀ, ಅವರಿಗೆ ಹೇಳು," ಎನ್ನುತ್ತಾಳೆ ನೀಲಗಂಗವ್ವ. "ಆಗೂ ಹಂಗ, ಈಗೂ ಹಂಗ. ಹಾಲು ಉಕ್ಕತೈತಿ ಅಂತ ಒದರೂದಷ್ಟ. ಎದ್ದು ಒಲಿ ಸಣ್ಣ ಮಾಡಿದ್ದಿಲ್ಲ."